ಕೊನೀಗೆ ಯಾರು ಬರ್ತಾರ?

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಾನು ಟ್ರಾವೆಲ್ಸ್ ಆಫೀಸು ಇಟ್ಟು ಹತ್ತೊಂಬತ್ತು ವರ್ಷವಾಯಿತು. ಹಂಪಿ ನೋಡಲು ಹೊರಟವರು ಏನೇನು ಕೇಳುತ್ತಾರೆ ಎಂಬುದು ನನಗೆ ಬಾಯಿಪಾಠ. ಎ.ಸಿ. ಇದೆಯೇ, ಊಟ ನಿಮ್ಮದೋ ನಮ್ಮದೋ, ಫೋಟೋ ಚೆನ್ನಾಗಿ ಬರುವ ಜಾಗಕ್ಕೆ ಎಷ್ಟು ಹೊತ್ತಿಗೆ ಮುಟ್ಟಿಸುತ್ತೀರಿ. ಬೆಟ್ಟ ಹತ್ತಲು ಲಿಫ್ಟ್ ಇದೆಯೇ ಎಂದು ಕೇಳಿದ ಪುಣ್ಯಾತ್ಮನೂ ಒಬ್ಬನಿದ್ದ. ಇಂಥವಕ್ಕೆ ಉತ್ತರ ಕೊಟ್ಟು ಕೊಟ್ಟು ನನ್ನ ಮಾತು ಒರಟಾಗಿದೆ ಎಂದು ಮನೆಯವಳು ಹೇಳುತ್ತಾಳೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಹೋದ ಸೆಪ್ಟೆಂಬರಿನಲ್ಲಿ ದೇಶನೂರಿನ ಊರಮ್ಮ ಕೇಳಿದ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ಸರ, ಎಲ್ಲಾರೂ ನಡ್ಕಂತ ನೋಡಾಕ ಹೋಗ್ತೀವಲ್ಲ, ಕೊನೀಗೆ ಯಾರು ಬರ್ತಾರ?"

"ಮುಂದ ಗೈಡ್ ಇರ್ತಾನಮ್ಮ," ಅಂದೆ.

"ಮುಂದಿನೋರ್ನ ಕೇಳ್ಲಿಲ್ರಿ ನಾನು. ಹಿಂದ ಯಾರು?"

ಬೆಳಿಗ್ಗೆಯಿಂದ ಎರಡು ಬುಕಿಂಗ್ ಕೈತಪ್ಪಿದ್ದವು. ಸಿಟ್ಟು ಬಂದೇ ಬಂತು. ಹಿಂದೆ ಯಾರಾದರೂ ಬರಲಿ, ನಿನಗೇನು ಎಂದು ಬಾಯಿಗೆ ಬಂದದ್ದನ್ನು ಅವಳ ಕಾಲು ನೋಡಿ ನುಂಗಿಕೊಂಡೆ. ಹಿಮ್ಮಡಿಯ ಬಿರುಕುಗಳಲ್ಲಿ ಕೆಸರಿನ ಬಣ್ಣ ಒಳಗೇ ಇಳಿದಿತ್ತು. ಅರವತ್ತಕ್ಕೆ ಹತ್ತಿರದ ಹೆಂಗಸು, ಎಡಗಾಲು ಎಳೆದು ನಡೆಯುತ್ತಿದ್ದಳು. ಅವಳ ಜೊತೆ ಬಂದ ಇನ್ನೊಬ್ಬಳು ಒಳಗೆ ಕಾಲಿಡದೆ ಹೊಸ್ತಿಲ ಹೊರಗೇ ಸೆರಗು ಹಿಡಿದು ನಿಂತಿದ್ದಳು. ಬಾ ಎಂದರೂ ಬರಲಿಲ್ಲ.

ಊರಮ್ಮ ಸಿರುಗುಪ್ಪ ತಾಲ್ಲೂಕಿನಲ್ಲಿ ನೆಲ್ಲು ಹಚ್ಚುವ, ಎಂದರೆ ಭತ್ತ ನಾಟಿ ಮಾಡುವ, ಹೆಂಗಸರ ಒಂದು ಗುಂಪಿಗೆ ಇಪ್ಪತ್ತಾರು ವರ್ಷದಿಂದ ಹಿರಿಯಳು. ಗುಂಪೆಂದರೆ ಅವಳೂ ಸೇರಿ ಹನ್ನೆರಡು ಜನ. ಗುತ್ತಿಗೆ ಮಾತಾಡುವ ಮುಂಚೆ ತಾನೇ ಗದ್ದೆಗಿಳಿದು ಕೆಸರಿನಲ್ಲಿ ನಾಲ್ಕು ಹೆಜ್ಜೆ ಹಾಕಿ ನೋಡುತ್ತಾಳೆ. ಬದುವಿನ ಮೇಲೆ ನಿಂತ ಮಾಲೀಕ ಏನೇ ಬಣ್ಣಿಸಲಿ, ಅವಳ ಕಾಲು ಹೇಳಿದ್ದೇ ಖರೆ. ಬಗ್ಗಿದ ಹೆಂಗಸರು ಹಿಂದಹಿಂದಕ್ಕೆ ಸರಿಯುತ್ತ ಸಸಿ ಊರುತ್ತಾರೆ. ಯಾರ ಕೈ ನಿಧಾನವೋ ಅವಳ ಎಡಬಲದವರು ಮಾತಿಲ್ಲದೆ ಎರಡೆರಡು ಸಾಲು ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಅದಕ್ಕೆ ಯಾರೂ ಹೇಳಬೇಕಿಲ್ಲ, ಯಾರೂ ಉಪಕಾರ ಎನ್ನಬೇಕಿಲ್ಲ. ಹನ್ನೆರಡು ಜನವೂ ಒಟ್ಟಿಗೇ ಆಚೆ ಬದು ಮುಟ್ಟಬೇಕು, ಅಷ್ಟೆ. ಸಂಜೆ ಟ್ರ್ಯಾಕ್ಟರ್ ಹತ್ತುವ ಮುಂಚೆ ಊರಮ್ಮ ತಲೆ ಎಣಿಸುತ್ತಾಳೆ. ಎಣಿಸುವವಳು ತನ್ನನ್ನು ಎಣಿಸಿಕೊಳ್ಳುವುದಿಲ್ಲ. ಅವಳು "ಹನ್ನೊಂದು" ಎಂದು ಕೂಗಿದಳೆಂದರೆ ಎಲ್ಲರೂ ಬಂದರು ಎಂದು ಲೆಕ್ಕ.

ನಾಟಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಗುಂಪು ಎಲ್ಲಾದರೂ ಹೋಗಿಬರುವುದುಂಟು. ಹಿಂದಿನ ವರ್ಷ ಹಂಪಿಗೆ ಹೋಗಿದ್ದರು. ಯಾರೋ ಗೊತ್ತು ಮಾಡಿಕೊಟ್ಟ ಎರಡು ಟಂಟಂ ಗಾಡಿ, ಯಾರೋ ಒಬ್ಬ ಗೈಡ್. ಅವನು ಓಡೋಡಿ ತೋರಿಸಿದ, ಇವರು ಓಡೋಡಿ ನೋಡಿದರು. ಸಂಜೆ ಹೊರಡುವಾಗ ಗುಂಪಿನ ಹುಲಿಗೆಮ್ಮ ಹಿಂದಿನ ಗಾಡಿಯಲ್ಲಿದ್ದಾಳೆ ಎಂದು ಮುಂದಿನವರು ತಿಳಿದರು, ಮುಂದಿನದರಲ್ಲಿದ್ದಾಳೆ ಎಂದು ಹಿಂದಿನವರು ತಿಳಿದರು. ಕಂಪ್ಲಿಯಲ್ಲಿ ಚಹಾಕ್ಕೆ ಇಳಿದಾಗ ಗೊತ್ತಾಯಿತು. ತಿರುಗಿ ಹೋಗಿ ನೋಡಿದರೆ ಆನೆ ಲಾಯದ ಎದುರಿನ ಹುಲ್ಲಿನ ಮೇಲೆ ಅವಳು ಕೈ ಕಟ್ಟಿ ಕೂತಿದ್ದಳು. ಅತ್ತಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ.

"ಏನಂದ್ಲು ಗೊತ್ತೇನ್ರಿ ಸರ?" ಊರಮ್ಮ ದನಿ ತಗ್ಗಿಸಿದಳು. "ನಾನು ಭಾಳ ನಿಧಾನ, ಅದಕ್ಕಾ ಬಿಟ್ಟು ಹೋದ್ರಿ ಅನ್ಕಂಡೆ ಅಂದ್ಲು. ಬೈದಿದ್ರ ಚಲೋ ಇತ್ರಿ. ಇಪ್ಪತ್ತಾರು ವರ್ಷದಾಗ ಹೊಲದಾಗ ಒಬ್ಬಾಕಿನ್ನೂ ಬಿಟ್ಟು ಬಂದಾಕಿ ಅಲ್ಲ ನಾನು."

ಅಂದಿನಿಂದ ಹುಲಿಗೆಮ್ಮ ಗುಂಪಿಗೆ ಬಂದಿಲ್ಲ. ಜಗಳವಿಲ್ಲ, ಮುನಿಸಿಲ್ಲ. ಕರೆಯಲು ಹೋದರೆ ಚಹಾ ಕೊಡುತ್ತಾಳೆ, ನೀವು ಹೋಗ್ರಿ ಎನ್ನುತ್ತಾಳೆ. ಅವಳು ಊರಿದ ಸಸಿ ಒಂದೂ ನೀರಿನಲ್ಲಿ ತೇಲುವುದಿಲ್ಲವಂತೆ. ಅಂಥ ಕೈ ಮನೆಯಲ್ಲಿ ಕೂತಿದೆ. ಊರಮ್ಮನ ಎಣಿಕೆ ವರ್ಷವಿಡೀ ಹತ್ತಕ್ಕೇ ನಿಲ್ಲುತ್ತಿತ್ತು. ಊರಮ್ಮ ಬಾಗಿಲತ್ತ ಕಣ್ಣು ಹಾಯಿಸಿದಾಗ, ಹೊಸ್ತಿಲಾಚೆ ನಿಂತವಳು ಅವಳೇ ಎಂದು ನನಗೆ ತಿಳಿಯಿತು. ನಾನು ಸುಮಾರು ಗಟ್ಟಿ ದನಿಯಲ್ಲಿ ಮಾತಾಡಿದ್ದೆ, ನಾಚಿಕೆಯಾಯಿತು.

"ಹಂಗಾದ್ರ ಮತ್ತ ಹಂಪೀನ ಯಾಕಮ್ಮ? ಬಾದಾಮಿಗೆ ಕಳಸ್ತೀನಿ," ಅಂದೆ.

"ಸಸಿ ಸತ್ತಲ್ಲೇ ಮತ್ತ ಹಚ್ಚಬೇಕಲ್ರಿ. ಬ್ಯಾರೆ ಹೊಲದಾಗ ಹಚ್ಚಿದ್ರ ಏನ್ ಬಂತು? ಗೈಡ್‌ನ ನೀನಾ ಆರ್ಸು, ಮನಸಿಗೆ ಬಂದ್ರ ಹೋಗೋಣು, ಇಲ್ಲಂದ್ರ ಇಲ್ಲ ಅಂತ ಈಕೀಗೆ ಹೇಳಿ ಕರ್ಕಂಡ್ ಬಂದೀನಿ."

ನನ್ನಲ್ಲಿ ಮೂರು ಬಗೆಯ ಟೂರ್ ಇವೆ. ಒಂದೇ ದಿನದಲ್ಲಿ ಹದಿನಾಲ್ಕು ಜಾಗ ಮುಗಿಸುವುದು ಒಂದು, ಅದಕ್ಕೇ ಗಿರಾಕಿ ಜಾಸ್ತಿ. ಊಟ, ಅಂಗಡಿ, ತೆಪ್ಪ ಎಲ್ಲ ಸೇರಿದ್ದು ಇನ್ನೊಂದು. ಮೂರನೆಯದರಲ್ಲಿ ಇಡೀ ದಿನಕ್ಕೆ ಮೂರೇ ಜಾಗ. ಅದನ್ನು ಬೋರ್ಡಿನಲ್ಲಿ ಬರೆಸಿದ ಮೇಲೆ ಒಬ್ಬ ಗಿರಾಕಿಯೂ ಕೇಳಿರಲಿಲ್ಲ. ನಾನು ಮೊದಲನೆಯದನ್ನು ಹೊಗಳಿದೆ. ಊರಮ್ಮ ಬೋರ್ಡಿನತ್ತ ನೋಡಲೂ ಇಲ್ಲ.

"ಗೈಡ್ ಹೆಂಗ ನಡೀತಾನ, ತೋರ್ಸ್ರಿ."

ಚನ್ನಬಸವರಾಜ ಅಲ್ಲೇ ಕೂತಿದ್ದ. ನನ್ನ ಗೈಡುಗಳಲ್ಲಿ ಚುರುಕಿನವನು, ರಾಜರ ಇಸವಿಗಳೆಲ್ಲ ತುದಿನಾಲಿಗೆಯಲ್ಲಿ. "ರಸ್ತೆ ತುದೀಗೆ ಬೇವಿನಮರ ಐತಲ್ಲ, ಅಲ್ಲೀಮಟ ಈಕೀನ ಕರ್ಕಂಡು ಹೋಗಿ ಬಾರಪ್ಪ," ಎಂದಳು ಊರಮ್ಮ. ನಾನು ನಗು ತಡೆದುಕೊಂಡೆ. ಅವನೂ ನಗುತ್ತಲೇ ಹೊರಟ. ಬ್ರಿಟಿಷರ ಕಾಲದ ಬಂಗಲೆಗಳು, ಪರೇಡ್ ನಡೆಯುತ್ತಿದ್ದ ಮೈದಾನ ಎಂದು ಕೈಬೀಸಿ ವಿವರಿಸುತ್ತ ಮರ ಮುಟ್ಟಿ ತಿರುಗಿ ನೋಡುತ್ತಾನೆ, ಹುಲಿಗೆಮ್ಮ ಇನ್ನೂ ಅರ್ಧ ದಾರಿಯಲ್ಲಿದ್ದಾಳೆ. ಅಷ್ಟು ಹೊತ್ತು ಅವನು ಗಾಳಿಗೆ ಪಾಠ ಹೇಳಿದ್ದ.

"ಹುಡುಗ ಚಲೋ ಅದಾನ. ನಮಗ ಬ್ಯಾಡ," ಎಂದಳು ಊರಮ್ಮ.

ಕೊನೆಗೆ ಕುರುಗೋಡಿನ ಜಂಬುನಾಥನಿಗೆ ಫೋನು ಹಚ್ಚಿದೆ. ಅರವತ್ತೆರಡರ ಮನುಷ್ಯ. ಮಾತಿಗೊಮ್ಮೆ ನಮ್ಮ ಕುರುಗೋಡು ಸೈತ ಒಂದು ಕಾಲಕ್ಕ ರಾಜಧಾನೀನಾ ಎನ್ನುತ್ತಾನೆ, ಹಂಪಿ ನೋಡಲು ಬಂದವರಿಗೆ ಅದರಿಂದ ಏನಾಗಬೇಕೋ ದೇವರೇ ಬಲ್ಲ. ನಿಧಾನಕ್ಕೆ ಹೆಸರಾದವನು, ಹಾಗಾಗಿ ನಾನು ಅವನನ್ನು ಕರೆಯುವುದೇ ಅಪರೂಪ. ಬಸ್ಸು ಹಿಡಿದು ಬರಲು ಅವನಿಗೆ ಒಂದೂವರೆ ತಾಸು ಬೇಕಾಯಿತು. ಇಬ್ಬರೂ ಹೆಂಗಸರು ಅಷ್ಟು ಹೊತ್ತು ಕಾದರು. ಅವನು ಹುಲಿಗೆಮ್ಮನ ಜೊತೆ ಹೊರಟು ಮರ ಮುಟ್ಟುವುದರೊಳಗೆ ನಾಲ್ಕು ಸಲ ನಿಂತ. ಏನು ಹೇಳಿದನೋ ಗೊತ್ತಿಲ್ಲ, ಒಮ್ಮೆ ಅವಳು ಕೈಯೆತ್ತಿ ಏನನ್ನೋ ಕೇಳಿದ್ದು ಕಾಣಿಸಿತು. ತಿರುಗಿ ಬಂದವಳು ಮೊದಲ ಬಾರಿಗೆ ಹೊಸ್ತಿಲು ದಾಟಿ ಒಳಗೆ ಬಂದು ಬೆಂಚಿನ ಮೇಲೆ ಕೂತಳು.

"ಮೂರು ಜಾಗದ್ದು ಬರ್ಕಳ್ರಿ," ಎಂದಳು ಊರಮ್ಮ. "ಒಂದಾ ಬಸ್ಸು, ಎರಡು ಗಾಡಿ ಬ್ಯಾಡ. ಮತ್ತ ಕೊನೀಗೆ ನೀವು ಬರಬೇಕು."

"ನಾನಾ?"

"ಅಂಗಡಿ ನಿಮ್ಮದಲ್ಲೇನ್ರಿ?"

ಹತ್ತೊಂಬತ್ತು ವರ್ಷದಲ್ಲಿ ನಾನು ನನ್ನದೇ ಟೂರಿನಲ್ಲಿ ಹೋಗಿದ್ದು ಅದೇ ಮೊದಲು. ಬೆಳಿಗ್ಗೆ ದೇಶನೂರಿನಲ್ಲಿ ಬಸ್ಸಿನ ಬಾಗಿಲಲ್ಲಿ ನಿಂತು ಊರಮ್ಮ ಎಣಿಸಿದಳು. ಹತ್ತರ ಮೇಲೆ ಒಂದು ಗಳಿಗೆ ನಿಂತಳು. ಆಮೇಲೆ "ಹನ್ನೊಂದು" ಎಂದು ಕೂಗಿದಾಗ ಬಸ್ಸಿನೊಳಗೆ ಹೋ ಎಂದು ನಗೆಯೆದ್ದಿತು. ಹುಲಿಗೆಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದಳು, ಆದರೆ ಬಂದಿದ್ದಳು.

ಆನೆ ಲಾಯಕ್ಕೇ ಮೊದಲು ಹೋದೆವು. ಹುಲಿಗೆಮ್ಮ ಹಿಂದಿನ ವರ್ಷ ತಾನು ಕೂತ ಜಾಗವನ್ನು ನೋಡಿಯೂ ನೋಡದಂತೆ ದಾಟಿದಳು. ಒಳಗೆ ಹೋಗಿ ಪ್ರತಿಯೊಂದು ಕೋಣೆಯ ಗುಮ್ಮಟವನ್ನೂ ಕತ್ತೆತ್ತಿ ನೋಡಿದಳು. ಹನ್ನೊಂದು ಕೋಣೆಗೂ ಸಾಕಷ್ಟು ಹೊತ್ತು ಹಿಡಿಯಿತು. ಜಂಬುನಾಥ ಕಾದ. ಊರಮ್ಮ ಅವಳ ಬೆನ್ನಿಗೇ ಇದ್ದಳು, ಊರಮ್ಮನ ಬೆನ್ನಿಗೆ ನಾನು. ಮಂಡಿ ನೋವಿಗೆ ಊರಮ್ಮ ಆಗಾಗ ಹೂಂ ಎಂದು ಉಸಿರು ಬಿಡುತ್ತಿದ್ದಳು. ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿದಾಗ ನನ್ನ ತಟ್ಟೆಗೆ ಎರಡು ಹೆಚ್ಚಿಗೆ ಬಿದ್ದವು.

ರಾಣಿ ಸ್ನಾನಗೃಹ ನೋಡಿಕೊಂಡು ಕೊನೆಗೆ ಕಾಲುವೆಯ ದಂಡೆಗೆ ಬಂದೆವು. ರಾಜರ ಕಾಲದ ಕಾಲುವೆ, ಇವತ್ತಿಗೂ ನೀರು ಹರಿಯುತ್ತದೆ ಎಂದು ಜಂಬುನಾಥ ಹೇಳಿದ. "ನಿಮ್ಮ ಸಿರುಗುಪ್ಪ, ದೇಶನೂರು ಕಡೀಗೂ ಆ ಕಾಲದ ಕಾಲುವಿ ಅದಾವ." ಹೆಂಗಸರು ಮುಖ ಮುಖ ನೋಡಿಕೊಂಡರು. "ಹಂಗಾದ್ರ ನಾವು ಇಷ್ಟು ವರ್ಷ ನಿಂತಿದ್ದು ರಾಜರ ನೀರಾಗ ಏನ್ಲೇ?" ಎಂದು ಗುಂಪಿನ ಸರೋಜಾ ನಕ್ಕಳು. ಮರುಕ್ಷಣವೇ ಎಲ್ಲರ ಕಣ್ಣೂ ಪಕ್ಕದ ಗದ್ದೆಯ ಮೇಲೆ ಬಿದ್ದು, ಸಾಲು ಹೇಗೆ ಸೊಟ್ಟಗಿದೆ, ಇದನ್ನು ಹಚ್ಚಿದವರಿಗೆ ಕೂಲಿ ಕೊಟ್ಟ ಮಾಲೀಕನಾದರೂ ಎಂಥವನು ಎಂದು ಚರ್ಚೆ ನಡೆಯಿತು. ಅರಮನೆಗಳ ಬಗ್ಗೆ ಅಷ್ಟು ಮಾತು ಆಗಿರಲಿಲ್ಲ.

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಇನ್ನೊಂದು ಬಸ್ಸು ಮೋಕದ ಹತ್ತಿರ ಪಂಕ್ಚರಾಗಿ ನಿಂತಿತ್ತು. ಅದರ ಡ್ರೈವರನನ್ನು ಫೋನಿನಲ್ಲೇ ಬೈಯುತ್ತ, ಸಿಗ್ನಲ್ ಹುಡುಕುತ್ತ ಮುಂದೆ ಮುಂದೆ ನಡೆದೆ. ಕೊನೆಗೆ ಬರಬೇಕಾದವನು ಎಲ್ಲರಿಗಿಂತ ಮುಂಚೆ ಬಸ್ಸು ಮುಟ್ಟಿದೆ. ಬೈಯುತ್ತಲೇ ಹತ್ತಿ ಡ್ರೈವರನ ಪಕ್ಕ ಕೂತೆ. ಹೆಂಗಸರು ಮಾತಾಡುತ್ತ ಹತ್ತಿದರು. ಊರಮ್ಮಕ್ಕ ಮುಂದೆ ಕೂತಿರಬೇಕು ಎಂದುಕೊಂಡು ಸರೋಜಾ ತಾನೇ ಸೀಟುಗಳತ್ತ ಬೆರಳು ಮಾಡುತ್ತ ಎಣಿಸಿ, ಕೊನೆಗೆ ತನ್ನನ್ನೂ ಸೇರಿಸಿ "ಹನ್ನೊಂದು!" ಎಂದು ಕೂಗಿದಳು. ವರ್ಷದ ಮೇಲೆ ತಿರುಗಿ ಬಂದ ಲೆಕ್ಕ ಅದು. ಯಾರಿಗೂ ಅನುಮಾನ ಬರಲಿಲ್ಲ. ನನಗೂ ಬರಲಿಲ್ಲ. ಬಸ್ಸು ಹೊರಟಿತು.

ಕಮಲಾಪುರ ಇನ್ನೇನು ಬಂತು ಎನ್ನುವಾಗ ಹುಲಿಗೆಮ್ಮ ಎದ್ದು ನಿಂತಳು. ಇಡೀ ದಿನ ಅವಳ ಬಾಯಿಂದ ನಾನು ಹತ್ತು ಮಾತು ಕೇಳಿರಲಿಲ್ಲ.

"ನಿಲ್ಸ್ರಿ! ಬೆಳಿಗ್ಗಿಂದ ನನ್ನ ಹಿಂದ ಹೂಂ ಅಂತಿದ್ದಾಕಿ ಎಲ್ಲಿ? ಎಣಸಾಕಿ ಎಲ್ಲಿ?"

ಬಸ್ಸು ತಿರುಗಿಸಿದೆವು. ಸರೋಜಾ ತನ್ನನ್ನೂ ಎಣಿಸಿಕೊಂಡಿದ್ದರಿಂದ ಒಂದು ತಲೆ ಕಡಿಮೆಯಾದದ್ದು ಗೊತ್ತೇ ಆಗಿರಲಿಲ್ಲ. ಕಾಲುವೆ ದಾರಿಯಲ್ಲಿ ಹುಲಿಗೆಮ್ಮ ಮೊದಲು ಇಳಿದು ತನ್ನ ನಿಧಾನದ ಹೆಜ್ಜೆಯಲ್ಲಿ ಹೊರಟಳು. ತಾಳ್ಮೆಗೆಟ್ಟು ಅವಳನ್ನು ದಾಟಲು ಹೋದೆ. ಸರೋಜಾ ನನ್ನ ಅಂಗಿ ಹಿಡಿದು ಜಗ್ಗಿದಳು. "ಆಕಿ ಹೋಗ್ಲಿ ಬಿಡ್ರಿ ಸರ." ಹತ್ತು ಹೆಂಗಸರು, ಜಂಬುನಾಥ, ನಾನು, ಎಲ್ಲರೂ ಹುಲಿಗೆಮ್ಮನ ಹಿಂದೆ ಹುಲಿಗೆಮ್ಮನ ಹೆಜ್ಜೆಯಲ್ಲೇ ನಡೆದೆವು. ಅಷ್ಟು ಉದ್ದದ ದಾರಿಯನ್ನು ನಾನು ಇನ್ನೆಂದೂ ನಡೆದಿಲ್ಲ.

ಊರಮ್ಮ ಕಾಲುವೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಕಾಲು ತೊಳೆಯಲು ಇಳಿದವಳಿಗೆ ಮಂಡಿ ಹಿಡಿದುಕೊಂಡು ಏಳಲಾಗಿರಲಿಲ್ಲ. ಕೂಗಿದ್ದಳಂತೆ, ಯಾರಿಗೂ ಕೇಳಿರಲಿಲ್ಲ. ನನ್ನನ್ನು ನೋಡಿ, ಪಕ್ಕಕ್ಕೆ ಸರಿದು ಹುಲಿಗೆಮ್ಮನಿಗೆ ಜಾಗ ಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು. ಹುಲಿಗೆಮ್ಮ ಹೋಗಿ ಪಕ್ಕದಲ್ಲಿ ಕೂತಳು.

"ಬಸ್ಸು ಹೋದ ಸಪ್ಪಳ ಕೇಳ್ತು ಹುಲಿಗಿ," ಎಂದಳು ಊರಮ್ಮ. "ಕಾಲು ಕುಂಟಾದಾಕಿ, ಇನ್ನ ಯಾಕ ಬೇಕು ಅಂತ ಬಿಟ್ಟು ಹೋದ್ರೇನೋ ಅನ್ನಿಸ್ತು. ಸುಳ್ಳು ಅಂತ ಗೊತ್ತಿದ್ರೂ ಅನ್ನಿಸ್ತು. ಆವತ್ತು ನಿನಗೂ ಹಿಂಗಾ ಆಗಿತ್ತೇನ?"

"ಹೂನಕ್ಕ."

ಊರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಹುಲಿಗೆಮ್ಮ ಅವಳ ಬೆನ್ನ ಮೇಲೆ ಕೈಯಾಡಿಸಿದಳು. ಆಮೇಲೆ, "ಏಳಕ್ಕ, ಕೈ ಕೊಡು. ಜನ್ರು ನಿಂತಾರ," ಎಂದಳು. ನಾನು ನಾಚಿಕೆ ಬಿಟ್ಟು ಕಣ್ಣೊರೆಸಿಕೊಂಡೆ. ತಿರುಗಿ ಬರುವಾಗ ಎಲ್ಲರಿಗಿಂತ ಕೊನೆಗೆ ಬಂದೆ.

ಜನವರಿಯಲ್ಲಿ ಎರಡನೇ ಬೆಳೆಯ ನಾಟಿ ಹೊತ್ತಿಗೆ ಸಿರುಗುಪ್ಪದಲ್ಲಿ ಕೆಲಸವಿತ್ತು, ಹಾಗೇ ದೇಶನೂರಿಗೆ ಹೋದೆ. ಊರಮ್ಮ ಈಗ ಕೆಸರಿಗೆ ಇಳಿಯುವುದಿಲ್ಲ. ಬದುವಿನ ಮೇಲೆ ಕೂತು ಸಸಿಯ ಸೂಡು ಕಟ್ಟಿ ಕೊಡುತ್ತಾಳೆ. ಗದ್ದೆಯ ನಡುವೆ ಹುಲಿಗೆಮ್ಮ ಬಗ್ಗಿದ್ದಳು, ಎಡಬಲದವರು ಎಂದಿನಂತೆ ಅವಳ ಸಾಲು ಎಳೆದುಕೊಂಡಿದ್ದರು. ಸಂಜೆ ಟ್ರ್ಯಾಕ್ಟರ್ ಬಂತು. ಎಣಿಸಲು ಎದ್ದು ನಿಂತವಳು ಹುಲಿಗೆಮ್ಮ. ಕೆಸರು ಕೈಯನ್ನು ತನ್ನ ಎದೆಯ ಮೇಲಿಟ್ಟು "ಒಂದು" ಎಂದಳು. ಆಮೇಲೆ ಬದುವಿನ ಮೇಲೆ ಕೂತಿದ್ದ ಊರಮ್ಮನತ್ತ ತಿರುಗಿ "ಎರಡು" ಎಂದಳು.