ಹಳೆಯ ಪೆಟ್ಟಿಗೆ, ಹೊಸ ಲಾಕ್‌ಫೈಲ್

ಆ ಆಯುಧಪೂಜೆಯ ದಿನದ ಬಗ್ಗೆ ನಾನು ಹಲವರ ಹತ್ತಿರ ಹೇಳಿದ್ದೇನೆ. ಹೇಳುವಾಗಲೆಲ್ಲ ಎಲ್ಲೋ ಒಂದು ಕಡೆ ಅವಸರ ಮಾಡಿಬಿಡುತ್ತೇನೆ. ಆದ್ದರಿಂದ ಇಲ್ಲಿ ನಿಧಾನವಾಗಿ, ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಶಿಕಾರಿಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಕಚೇರಿ. ಕಚೇರಿ ಎಂದರೆ ನಾನು ಮತ್ತು ಆ ಅಂಗಡಿಯ ಯಜಮಾನರು, ಇಬ್ಬರೇ. ಕೆರೆಗಳ ನೀರಿನ ಮಟ್ಟ ಅಳೆಯುವ ಪೆಟ್ಟಿಗೆಗಳನ್ನು ಮಾಡುತ್ತೇವೆ. ಕೆರೆ ತುಂಬಿ ಕೋಡಿ ಬೀಳುವ ಹೊತ್ತಿಗೆ, ಹೆಚ್ಚಾದ ನೀರು ಕಟ್ಟೆ ಬದಿಯಿಂದ ಹರಿದು ಹೊರಡುವ ಮುಂಚೆಯೇ, ಪೆಟ್ಟಿಗೆ ಕೆಳಗಿನ ಮನೆಗಳಿಗೆ ತಾನೇ ಫೋನ್ ಮಾಡಬೇಕು. ಅದರ ಕೆಲಸ ಅಷ್ಟೇ.

ಪೆಟ್ಟಿಗೆಯೊಳಗೆ ಹಲವು ಚಿಕ್ಕ ಚಿಕ್ಕ ಪ್ರೋಗ್ರಾಂಗಳಿರುತ್ತವೆ. ಒಂದು ಮಟ್ಟ ಓದುತ್ತದೆ, ಒಂದು ಫೋನ್ ಹಚ್ಚುತ್ತದೆ, ಒಂದು ನಮಗೆ ವರದಿ ಕಳಿಸುತ್ತದೆ. ಇವನ್ನು ತರಿಸಿ ಜೋಡಿಸುವುದು ಪ್ಯಾಕೇಜ್ ಮ್ಯಾನೇಜರ್. ಕೆರೆ ಏರಿಗಳ ಮೇಲೆ ನೆಟ್‌ವರ್ಕ್ ದುರ್ಬಲ, ದೊಡ್ಡದೇನೂ ಇಳಿಯುವುದಿಲ್ಲ. ಹಾಗಾಗಿ ಯಜಮಾನರು ಮೊದಲ ವರ್ಷವೇ ಒಂದು ಪುಟ್ಟ ಪ್ಯಾಕೇಜ್ ಮ್ಯಾನೇಜರನ್ನು ತಾವೇ ಬರೆದಿದ್ದರು. ಯಾವ ಪ್ರೋಗ್ರಾಂನ ಯಾವ ಆವೃತ್ತಿ ಬೇಕು, ಅದೇ ಬೇಕು, ಬೇರೆಯದು ಬೇಡ ಎಂದು ಬರೆದಿಡುವ ಕಡತಕ್ಕೆ ಲಾಕ್‌ಫೈಲ್ ಎನ್ನುತ್ತಾರೆ. ಅದರ ಮೊದಲ ಸಾಲಿನಲ್ಲಿ ಒಂದು ಅಂಕಿ ಇರುತ್ತದೆ. ಈ ಕಡತವನ್ನು ಯಾವ ರೀತಿಯಲ್ಲಿ ಬರೆದಿದೆ ಎಂಬುದನ್ನು ಆ ಅಂಕಿ ಹೇಳುತ್ತದೆ. ನಮ್ಮದು ಬಹುಕಾಲ ಒಂದು ಎಂದೇ ಇತ್ತು. ದಾರಿಯಲ್ಲಿ ಪ್ರೋಗ್ರಾಂ ಕೆಟ್ಟು ಬಂದರೆ ಗುರುತಿಸಲಿ ಎಂದು ಕಳೆದ ಬೇಸಿಗೆಯಲ್ಲಿ ಕಡತದ ರೀತಿ ಬದಲಿಸಿದೆವು. ಅಂಕಿ ಎರಡಾಯಿತು.

ಆಗಲೇ ನಮ್ಮಿಬ್ಬರಿಗೆ ವಾದವಾದದ್ದು. ಹೊಸ ಪ್ಯಾಕೇಜ್ ಮ್ಯಾನೇಜರ್ ಒಂದನ್ನೂ ಓದುತ್ತಿತ್ತು, ಎರಡನ್ನೂ ಓದುತ್ತಿತ್ತು. ಹಳೆಯದರ ಕೈಗೆ ಎರಡು ಸಿಕ್ಕರೆ?

“ಹಳೇದು ಸುಮ್ನೆ ನಿಲ್ಲಲ್ರೀ ಮೇಡಮ್ಮೋರೆ, ಅಡ್ಜಸ್ಟ್ ಮಾಡ್ಕಂತದೆ,” ಎಂದರು ಯಜಮಾನರು. “ಕಡತ ಅರ್ಥ ಆಗ್ಲಿಲ್ಲ ಅಂದ್ರೆ ಬಿಟ್ಟು, ಎಲ್ಲಾದ್ರದ್ದೂ ಹೊಸಾದು ಯಾವ್ದೈತೋ ಅದನ್ನ ತರಿಸ್ಕಂತದೆ.”

“ಅದು ಬೇಡ ಅಂತಾನೇ ಅಲ್ವಾ ಲಾಕ್ ಹಾಕಿರೋದು?”

“ನಮ್ಮನೆಗೆ ಗುರ್ತಿಲ್ದೋರು ಬಂದ್ರೆ ಬಾಗ್ಲಲ್ಲೇ ನಿಲ್ಸಿ ಆಧಾರ್ ಕಾರ್ಡ್ ಕೇಳ್ತೀವೇನ್ರೀ? ಬರ್ರಿ, ಕುಂದ್ರಿ ಅಂತೀವಿ.”

ನಾನು ನಕ್ಕೆ. ನಮ್ಮ ಕಡೆ ಅಡ್ಜಸ್ಟ್ ಎನ್ನುವುದು ಬೈಗುಳವಲ್ಲ, ಗುಣ. ಬಸ್ಸಿನ ಸೀಟಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಎಲ್ಲ ಕಡೆ ಅದರಿಂದಲೇ ನಡೆಯುತ್ತದೆ. ಪ್ಯಾಕೇಜ್ ಮ್ಯಾನೇಜರಿನೊಳಗೂ ಅವರು ಅದನ್ನೇ ಬರೆದಿದ್ದರು. ಎಲ್ಲ ಪೆಟ್ಟಿಗೆಗಳಿಗೂ ಹೊಸ ಪ್ಯಾಕೇಜ್ ಮ್ಯಾನೇಜರ್ ತಲುಪುವವರೆಗೆ ಕಡತವನ್ನು ಒಂದರ ರೀತಿಯಲ್ಲೇ ಬರೆಯೋಣ ಎಂದು ಕೊನೆಗೆ ಒಪ್ಪಿಕೊಂಡೆವು. ಮಳೆಗಾಲದ ಹೊತ್ತಿಗೆ ತಲುಪಿತು ಎಂದುಕೊಂಡೆವು. ಆದರೆ ಸೊರಬ ತಾಲ್ಲೂಕಿನಲ್ಲಿ, ಹೊಸಬಾಳೆಗೆ ಹೋಗುವ ದಾರಿಯಲ್ಲಿ ಒಳಗೆ ಸಿಗುವ ಒಂದು ಕೆರೆಯ ಪೆಟ್ಟಿಗೆ ಸಿಡಿಲಿಗೆ ಸುಟ್ಟಿತ್ತು. ಅಂಗಡಿಯ ಹುಡುಗರು ಬೀರುವಿನಲ್ಲಿದ್ದ ಒಂದು ಪೆಟ್ಟಿಗೆಯನ್ನು ಅಲ್ಲಿಗೆ ಕೂರಿಸಿ ಬಂದಿದ್ದರು. ಅದು ಹಳೆಯದು, ಒಳಗಿದ್ದದ್ದು ಹಳೆಯ ಪ್ಯಾಕೇಜ್ ಮ್ಯಾನೇಜರ್; ನಮಗಿಬ್ಬರಿಗೂ ಅದು ಗೊತ್ತಿರಲಿಲ್ಲ.

ಆ ಕೆರೆಯ ಕೆಳಗೆ ಒಬ್ಬ ಅಕ್ಕನ ಮನೆ. ಮನೆ ಕೋಡಿಹಳ್ಳದ ಈಚೆ, ಕೊಟ್ಟಿಗೆ ಮತ್ತು ಗದ್ದೆ ಆಚೆ. ನಮ್ಮ ಪೆಟ್ಟಿಗೆಯ ಕಂಬ ಇದ್ದದ್ದು ಏರಿಗೆ ತಾಗಿದ ಅವರ ಗದ್ದೆಯ ಅಂಚಿನಲ್ಲೇ. ಫೋನ್ ಬಂದರೆ ಅವರು ಹಳ್ಳ ದಾಟುವುದಿಲ್ಲ. ಬರದಿದ್ದರೆ ದಾಟುತ್ತಾರೆ.

ಆಯುಧಪೂಜೆಯ ಹಿಂದಿನ ದಿನ ಅಂಗಡಿಯಲ್ಲಿ ಎಲ್ಲವನ್ನೂ ತೊಳೆಯುತ್ತಾರೆ. ಸುತ್ತುವ ಯಂತ್ರ, ಸ್ಪ್ಯಾನರು, ವ್ಯಾನು, ಎಲ್ಲಕ್ಕೂ ಸೀಮೆಎಣ್ಣೆ, ನೀರು, ಬಟ್ಟೆ. ಯಜಮಾನರು ಆ ಹುರುಪಿನಲ್ಲೇ ಮಹಡಿಗೆ ಬಂದು ತಮ್ಮ ಲ್ಯಾಪ್‌ಟಾಪನ್ನೂ ತೊಳೆದರು. ಪರದೆ ಒರೆಸಿದ್ದಲ್ಲದೆ, ಹಳೆಯ ಕಡತಗಳನ್ನು ಅಳಿಸಿ, ಲಾಕ್‌ಫೈಲನ್ನು ಎರಡರ ರೀತಿಯಲ್ಲಿ ಹೊಸದಾಗಿ ಬರೆಸಿ, ಎಲ್ಲ ಕೆರೆಗಳಿಗೂ ಕಳಿಸಿಬಿಟ್ಟರು.

“ಹಬ್ಬಕ್ಕೆ ಎಲ್ಲಾ ಪೆಟ್ಟಿಗೆಗೂ ಹೊಸ ಬಟ್ಟೆ ಉಡ್ಸೀನ್ರೀ,” ಎಂದು ನನಗೆ ಹೇಳಿದರು. ನಾನು ವರದಿಗಳನ್ನು ನೋಡಿದೆ. ಎಲ್ಲ ಪೆಟ್ಟಿಗೆಗಳೂ ಕ್ಷೇಮ ಎಂದಿದ್ದವು. ಸೊರಬದ ಪೆಟ್ಟಿಗೆಯೂ ಕ್ಷೇಮ ಎಂದಿತ್ತು.

ಮರುದಿನ ಮಧ್ಯಾಹ್ನ ಪೂಜೆಯಾಯಿತು. ಬೂದುಗುಂಬಳ ಒಡೆದು, ಮಂಡಕ್ಕಿ ಹಂಚುತ್ತಿದ್ದರು. ಲ್ಯಾಪ್‌ಟಾಪಿನ ಮೇಲೆ ಸೇವಂತಿಗೆ, ಕುಂಕುಮ. ಕೈಯಲ್ಲಿ ಪ್ರಸಾದ ಹಿಡಿದೇ ಫೋನಿನಲ್ಲಿ ಮಟ್ಟಗಳನ್ನು ನೋಡಿದೆ. ಸೊರಬದ ಆ ಕೆರೆಯದ್ದು ಎರಡಕ್ಕಿಂತಲೂ ಕಡಿಮೆ ತೋರಿಸುತ್ತಿತ್ತು. ನಾವು ಅಳೆಯುವುದು ಸೆಂಟಿಮೀಟರಿನಲ್ಲಿ. ಎರಡು ಸೆಂಟಿಮೀಟರ್ ಎಂದರೆ ಕೆರೆ ಬರಿದಾಗಿರಬೇಕು. ಹಿಂದಿನ ವಾರವಷ್ಟೇ ಅದು ತುಂಬಿತ್ತು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಳೆಯ ಪ್ಯಾಕೇಜ್ ಮ್ಯಾನೇಜರ್ ಎರಡು ಎಂಬ ಅಂಕಿ ಕಂಡು, ಕಡತವನ್ನು ಬದಿಗಿಟ್ಟು, ಅಡ್ಜಸ್ಟ್ ಮಾಡಿಕೊಂಡಿತ್ತು. ಮಟ್ಟ ಓದುವ ಪ್ರೋಗ್ರಾಂನ ಎಲ್ಲಕ್ಕಿಂತ ಹೊಸ ಆವೃತ್ತಿಯನ್ನು ತರಿಸಿಕೊಂಡಿತ್ತು. ಆ ಹೊಸದು ಮೀಟರಿನಲ್ಲಿ ಅಳೆಯುತ್ತಿತ್ತು; ಸುಮಾರು ಎರಡು ಮೀಟರ್ ನೀರನ್ನು ಉಳಿದ ಪ್ರೋಗ್ರಾಂಗಳು ಎರಡು ಸೆಂಟಿಮೀಟರ್ ಎಂದೇ ತಿಳಿಯುತ್ತಿದ್ದವು. ನೀರು ಕಟ್ಟೆಯ ಅಂಚಿಗೆ ಬಂದಿದ್ದರೂ ಪೆಟ್ಟಿಗೆಯ ಲೆಕ್ಕದಲ್ಲಿ ಕೆರೆ ಒಣಗಿತ್ತು. ಅದು ಯಾರಿಗೂ ಫೋನ್ ಮಾಡುವಂತಿರಲಿಲ್ಲ.

ನಾನೇ ಆ ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕಾ, ಕೆರೆ ನೀರು ಹೆಂಗಿದೆ?”

“ನೀರಾ? ಅದ್ನ ಹೇಳೋರು ನೀವಲ್ದಾ!” ನಕ್ಕರು. “ಫೋನ್ ಬರ್ಲಿಲ್ಲ, ಅದಕ್ಕೇ ಕರು ಹಿಡ್ಕಂಡು ಹೊರಟೀನಿ. ಇಲ್ಲಿ ಹನಿ ಮಳೆ ಇಲ್ಲ ಮಾರಾಯ್ತಿ. ಚಂದ್ರಗುತ್ತಿ ಬದಿಗೆ ಕಪ್ಪಾಗ್ಯದೆ ಅಷ್ಟೇಯ.”

“ಅಕ್ಕಾ, ದಾಟ್ಬೇಡಿ. ಕೇಳ್ತಾ ಇದೆಯಾ? ದಾಟ್ಬೇಡಿ.”

ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಕರೆ ಕಡಿದುಹೋಗಿತ್ತು. ಮತ್ತೆ ಮಾಡಿದರೆ ಹೋಗಲಿಲ್ಲ.

ಕೆಳಗಿನ ಉಳಿದ ಮನೆಗಳ ನಂಬರುಗಳು ಇದ್ದದ್ದು ಯಜಮಾನರ ಲ್ಯಾಪ್‌ಟಾಪಿನಲ್ಲಿ. ಪೂಜೆಗಿಟ್ಟ ಆಯುಧವನ್ನು ಮರುದಿನ ಬೆಳಿಗ್ಗೆ ಕದಲಿಸುವವರೆಗೆ ಮುಟ್ಟಬಾರದು. ನಾನು ವಿಷಯ ಹೇಳಿದಾಗ ಅವರ ತಾಯಿ ಪಕ್ಕದಲ್ಲೇ ಇದ್ದರು. “ಕದಲ್ಸಿಲ್ವಲ್ಲೋ ಇನ್ನೂ,” ಎಂದರು, ಗದರಿಸಿದಂತೆ ಅಲ್ಲ, ನೆನಪಿಸಿದಂತೆ. ಯಜಮಾನರ ಕೈ ಹೂವಿನ ಹತ್ತಿರ ಹೋಗಿ ನಿಂತಿತು. ಎಷ್ಟು ಹೊತ್ತು ನಿಂತಿತು ಎಂದು ನಾನು ಹೇಳಲಾರೆ. ನನಗೆ ಬಹಳ ಹೊತ್ತು ಎನಿಸಿತು. ಆಮೇಲೆ ಬೆರಳಿನಿಂದ ಲ್ಯಾಪ್‌ಟಾಪನ್ನು ಉತ್ತರಕ್ಕೆ ಕೊಂಚ ಸರಿಸಿ, ಕಣ್ಣಿಗೊತ್ತಿಕೊಂಡು, ತೆರೆದರು. ಕೀಲಿಗಳ ಮೇಲೆ ಕುಂಕುಮ ಉದುರಿತು. ಅವರು ನಂಬರುಗಳನ್ನು ಓದುತ್ತ ಹೋದರು, ನಾನು ಫೋನ್ ಮಾಡುತ್ತ ಹೋದೆ. ಮೂರನೆಯ ಮನೆಯವರು ಎತ್ತಿದರು. ನಾನು ಮಾತು ಮುಗಿಸುವ ಮೊದಲೇ ಓಡಿದ ಸದ್ದು ಕೇಳಿಸಿತು.

ನಾವು ವ್ಯಾನಿನಲ್ಲಿ ಅಲ್ಲಿಗೆ ತಲುಪಿದಾಗ ಇನ್ನೂ ಬೆಳಕಿತ್ತು. ಮೇಲಿನ ಕೆರೆ ತುಂಬಿ, ಅದರ ನೀರು ಇದಕ್ಕೆ ಬಂದು, ಕೋಡಿ ಒಮ್ಮೆಲೇ ಬಿದ್ದಿತ್ತು. ಹಳ್ಳದಲ್ಲಿ ಕೆಂಪು ನೀರು. ಅಕ್ಕ ದಂಡೆಯ ಮೇಲೆ ಕೂತಿದ್ದರು, ಯಾರೋ ಹೊದಿಸಿದ ಕಂಬಳಿಯಲ್ಲಿ. ಹಳ್ಳದ ನಡುವೆ ಇದ್ದಾಗ ನೀರು ಬಂದಿತ್ತು. ಫೋನ್ ಎತ್ತಿ ಓಡಿದ್ದ ಆ ಮೂರನೆಯ ಮನೆಯವರು, ಬೇರು ಹಿಡಿದು ನಿಂತಿದ್ದ ಅಕ್ಕನನ್ನು ದಂಡೆಗೆ ಎಳೆದುಕೊಂಡಿದ್ದರು. ಕರು ಹೋಗಿತ್ತು. ಅವರ ಬಲ ಅಂಗೈಯಲ್ಲಿ ಹಗ್ಗ ಉಜ್ಜಿ ಚರ್ಮ ಸುಲಿದಿತ್ತು.

“ಕರ ಈಜ್ತದೆ ಅಂದ್ಕಂಡು ಬಿಟ್ಟೆ,” ಎಂದರು. ಯಾರಿಗೂ ಅಲ್ಲ.

ಯಜಮಾನರು ಕೈ ಮುಗಿದರು.

“ಫೋನ್ ಎಂತಕ್ ಬರ್ಲಿಲ್ಲ ತಂಗಿ?” ಎಂದು ಅಕ್ಕ ನನ್ನನ್ನು ಕೇಳಿದರು.

ಪೆಟ್ಟಿಗೆ ಹಳೆಯದೆಂದೂ, ನಾವು ಕಳಿಸಿದ ಕಡತ ಹೊಸ ರೀತಿಯದೆಂದೂ, ಅದಕ್ಕೆ ಓದಲು ಬರಲಿಲ್ಲವೆಂದೂ ಹೇಳಿದೆ.

“ಓದಕ್ ಬರ್ದೇ ಇದ್ರೂ ಎಲ್ಲಾ ಸರಿ ಅದೆ ಅಂತಾ ನಿಮ್ಗೆ ಹೇಳ್ತಾ?”

“ಹೌದಕ್ಕ.”

ಅವರು ಕಂಬದ ಕಡೆ ನೋಡಿದರು. “ಅದ್ನ ಕಿತ್ಕಂಡ್ ಹೋಗಿ,” ಎಂದರು.

ಆ ದಿನ ಕೀಳಲಿಲ್ಲ, ಹಳ್ಳ ದಾಟುವಂತಿರಲಿಲ್ಲ. ಮರುದಿನ ನಾವು ಬರೆದದ್ದು ಬಹಳ ಚಿಕ್ಕದು. ಪ್ಯಾಕೇಜ್ ಮ್ಯಾನೇಜರ್ ಮೊದಲು ಅಂಕಿಯನ್ನು ಓದಬೇಕು. ತಿಳಿಯದ ಅಂಕಿಯಾದರೆ ಏನನ್ನೂ ತರಿಸಬಾರದು, ಇರುವುದನ್ನು ಮುಟ್ಟಬಾರದು, ನಿಂತುಬಿಡಬೇಕು. ನಿಂತದ್ದನ್ನು ನಮಗೂ, ಕೆಳಗಿನ ಮನೆಗಳಿಗೂ ಹೇಳಬೇಕು.

“ನಿಂತ್ರೆ ಜನ ಬೈತಾರ್ರೀ,” ಎಂದರು ಯಜಮಾನರು.

“ಬೈಲಿ ಅಣ್ಣಾ.”

ಅವರು ತಾವೇ ಬರೆದಿದ್ದ ಆ ಹಳೆಯ ಸಾಲುಗಳನ್ನು ತಾವೇ ಅಳಿಸಿದರು. ನನಗೆ ಅಳಿಸಲು ಬಿಡಲಿಲ್ಲ.

ಹಳ್ಳ ಇಳಿದ ಮೇಲೆ ಅಕ್ಕನ ಮನೆಗೆ ಹೋದೆವು. ಕೀಳುವುದಾದರೆ ಕೀಳುತ್ತೇವೆ, ಅದಕ್ಕೆ ಮೊದಲು ಒಂದು ಸಲ ನೋಡಿ ಎಂದು ಬೇಡಿಕೊಂಡೆವು. ಅವರು ಫೋನ್ ತಂದು ಜಗಲಿಯಲ್ಲಿ ಕೂತರು. ಪೆಟ್ಟಿಗೆಗೆ ಹೊಸ ಪ್ಯಾಕೇಜ್ ಮ್ಯಾನೇಜರ್ ಹಾಕಿ, ಬೇಕೆಂದೇ ಮೂರು ಎಂಬ ಅಂಕಿಯ ಕಡತವನ್ನು ಕಳಿಸಿದೆವು. ಮೂರರ ರೀತಿ ಇನ್ನೂ ಯಾರೂ ಮಾಡಿಲ್ಲ. ಅಕ್ಕನ ಫೋನ್ ಹೊಡೆದುಕೊಂಡಿತು. ಅವರು ಎತ್ತಿ ಕಿವಿಗಿಟ್ಟುಕೊಂಡರು. ಮೊದಲೇ ಮುದ್ರಿಸಿಟ್ಟ ಧ್ವನಿ, ನನ್ನದೇ: “ಪೆಟ್ಟಿಗೆಗೆ ತಿಳಿಯುತ್ತಿಲ್ಲ. ಇದನ್ನು ನಂಬಬೇಡಿ. ದಾಟುವ ಮೊದಲು ಕೆರೆ ನೋಡಿ.”

ಕೊನೆಯವರೆಗೂ ಕೇಳಿದರು.

“ಗೊತ್ತಿಲ್ದಿದ್ರೆ ಹಿಂಗೇ ಹೇಳ್ತದಾ ಇನ್ನು ಮೇಲೆ?”

“ಹೇಳ್ತದೆ ಅಕ್ಕ.”

“ಹಂಗಾರೆ ಇರ್ಲಿ ಬಿಡಿ,” ಎಂದರು.

ಆಮೇಲೆ ಹಾಲಿನ ಪಾತ್ರೆ ತೆಗೆದುಕೊಂಡು ಕೊಟ್ಟಿಗೆಗೆ ಹೊರಟರು. ಅವತ್ತು ಕೋಡಿಹಳ್ಳದಲ್ಲಿ ಪಾದ ಮುಳುಗುವಷ್ಟೂ ನೀರಿರಲಿಲ್ಲ. ಆದರೂ ಅವರು ಹಳ್ಳಕ್ಕೆ ಇಳಿಯಲಿಲ್ಲ. ಏರಿ ಹತ್ತಿ, ಕೆರೆಯನ್ನು ಪೂರ್ತಿ ಬಳಸಿಕೊಂಡು ಹೋಗುವ ದಾರಿ ಹಿಡಿದರು.