ತೊಳೆದಿಟ್ಟ ಸೀಸೆಗಳು

ಅಟ್ಟ ಗುಡಿಸುವಾಗ ಗ್ಯಾಸ್‌ಲೈಟಿನ ಮ್ಯಾಂಟಲ್ ಪೊಟ್ಟಣವೊಂದು ಸಿಕ್ಕಿತು. ಬಿಚ್ಚೇ ಇರಲಿಲ್ಲ. ಮೂಗಿನ ಹತ್ತಿರ ತಂದರೆ ಹಳೇ ಸೀಮೆಎಣ್ಣೆಯ ವಾಸನೆ... ಕಸದ ಬುಟ್ಟಿಗೆ ಹೋದ ಕೈ ಅಲ್ಲೇ ನಿಂತಿತು. ಲ್ಯಾಬ್ ಸಾರ್ ನೆನಪಾದರು.

ತೊಂಬತ್ತರ ದಶಕದಲ್ಲಿ ಬಿ.ಎಸ್ಸಿ. ಮುಗಿಸಿ, ಬೇರೆಲ್ಲೂ ಕೆಲಸ ಗಿಟ್ಟದೆ, ಕುಂಬಾರಕೊಪ್ಪಲಿನ ಒಂದು ಶೆಡ್ಡಿನಲ್ಲಿ ಮ್ಯಾಂಟಲ್ ಮಾಡಲು ಸೇರಿದ್ದೆ. ದೀಪದ ಉರಿಗೆ ಕಟ್ಟುವ ನೂಲಿನ ಜಾಲರಿ ಚೀಲಗಳನ್ನು ಥೋರಿಯಂ ಕರಗಿಸಿದ ನೀರಿನಲ್ಲಿ ಅದ್ದಿ, ಹಿಂಡಿ, ಒಣಗಿಸುತ್ತಿದ್ದೆವು. ಆ ನೀರನ್ನು ಬೆರೆಸಿಕೊಡುತ್ತಿದ್ದ ಕೆಮಿಸ್ಟೇ ಲ್ಯಾಬ್ ಸಾರ್. ಮದುವೆ ಮೆರವಣಿಗೆಯ ಬೆಳ್ಳನೆಯ ಬೆಳಕು ಬರುತ್ತಿದ್ದದ್ದು ಆ ಲೋಹದಿಂದಲೇ. ಅದು ವಿಕಿರಣ ಸೂಸುತ್ತದೆಂದು ಗೊತ್ತಿದ್ದದ್ದು ಸಾರ್‌ಗೆ, ನನಗೆ ಮತ್ತು ಮಾಲೀಕರಿಗೆ. ಹಿಂಡಿದ ನೀರು, ಪಾತ್ರೆ ತೊಳೆದ ನೀರು ಎಲ್ಲ ಮೋರಿಗೆ. ಮೋರಿ ಹರಿಯುತ್ತಿದ್ದದ್ದು ಓಣಿಯವರ ಬಾವಿಯ ಪಕ್ಕದಲ್ಲಿ. ಶೆಡ್ಡು ಗುಡಿಸುತ್ತಿದ್ದ ಅಜ್ಜಿಯ ಮನೆಗೂ ಅದೇ ಬಾವಿ.

ಸಾರ್‌ಗೆ ಅದೊಂದೇ ಚಿಂತೆ. ಆ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಆಕ್ಸಾಲಿಕ್ ಆಮ್ಲ ಹಾಕುತ್ತಿದ್ದರು. ಥೋರಿಯಂ ಹಾಲು ಒಡೆದ ಹಾಗೆ ಬೆಳ್ಳಗೆ ಒಡೆದು ತಳಕ್ಕಿಳಿಯುತ್ತಿತ್ತು. ಸೋಸಿ, ಒಣಗಿಸಿ ಗಾಜಿನ ಸೀಸೆಗಳಿಗೆ ತುಂಬುತ್ತಿದ್ದರು. ಅದನ್ನೇ ಮತ್ತೆ ಬಳಸೋಣವೆಂದು ಮಾಲೀಕರನ್ನು ಕಾಡಿ ಬೇಡಿ ಒಪ್ಪಿಸಿದರು. ಆ ಮ್ಯಾಂಟಲ್‌ಗಳು ಹಚ್ಚಿದ ಕೂಡಲೇ ಉದುರಿಹೋದವು. ಮಾಲೀಕರು ಕೈಮುಗಿದುಬಿಟ್ಟರು. ಯಾರಾದರೂ ತೆಗೆದುಕೊಳ್ಳುತ್ತಾರೇನೋ ಎಂದು ಸಾರ್ ಕಚೇರಿ ಕಚೇರಿ ಅಲೆದರು. ಹೋದಲ್ಲೆಲ್ಲ ಒಂದೇ ಮಾತು: ಭದ್ರವಾಗಿ ಇಟ್ಟಿರಿ.

"ಮೋರೀಲಿ ಹೋಗ್ತಿದ್ದಾಗ ಯಾರೂ ಕೇಳ್ಲಿಲ್ಲ ಕಣಮ್ಮ. ಸೀಸೆಗೆ ಬಂದ್ಮೇಲೆ ನನ್ನ ತಲೆ ಮೇಲೆ ಕೂತ್ಬುಡ್ತು," ಎಂದರು ಒಂದು ದಿನ.

ಅಜ್ಜಿಗಾದರೂ ಹೇಳಿ ಸಾರ್ ಎಂದೆ. ಓಣಿಯವರು ಹೆದರಿ ಬಾವಿ ಬಿಟ್ಟರೆ ಕುಡಿಯುವುದೇನನ್ನು, ಹೇಗೂ ಇನ್ನು ಮೋರಿಗೆ ಬಿಡುವುದಿಲ್ಲವಲ್ಲ ಎಂದರು. ಆ ನಂಬಿಕೆಯಿಂದಲೇ ಅಜ್ಜಿಗೆ ಹೇಳಲಿಲ್ಲ...

ಆಮೇಲೆ ಬ್ಯಾಟರಿ ದೀಪಗಳು ಬಂದವು. ಎರಡು ಸಾವಿರದ ಇಸವಿ ಕಳೆದ ಸ್ವಲ್ಪ ದಿನಕ್ಕೇ ಶೆಡ್ಡು ಮುಚ್ಚಿತು. ಕೊನೆಯ ದಿನ ನಾವಿಬ್ಬರೂ ಊಟ ಮುಗಿಸಿ ಬಂದಾಗ ಸೀಸೆಗಳೆಲ್ಲ ಬಿಸಿಲಿನಲ್ಲಿ ಬೋರಲಾಗಿದ್ದವು. ಥಳಥಳ ಹೊಳೆಯುತ್ತಿದ್ದವು.

"ಸಾ, ಎಲ್ಲಾನೂ ಬೂದಿ ಆಕಿ ತಿಕ್ಕಿ ತೊಳ್ದ್ಬುಟ್ಟಿವ್ನಿ. ಮನೆಗೆ ತಕಂಡೋಗಿ, ಉಪ್ಪಿನ್‌ಕಾಯ್ಗೆ ಆಯ್ತವೆ," ಎಂದಿತು ಅಜ್ಜಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ಮೋರಿಯುದ್ದಕ್ಕೂ ಸುಣ್ಣ ಚೆಲ್ಲಿದಂತೆ ಬಿಳುಪು ಇಳಿದುಹೋಗಿತ್ತು.

ಸಾರ್ ಬೈಯಲಿಲ್ಲ. ಮೋರಿಯ ಪಕ್ಕದ ಕಲ್ಲಿನ ಮೇಲೆ ಕುಳಿತು ಅತ್ತುಬಿಟ್ಟರು. ಕೆಲಸ ಹೋದದ್ದಕ್ಕೆ ಅಳುತ್ತಿದ್ದಾರೆಂದುಕೊಂಡ ಅಜ್ಜಿ ಮನೆಗೆ ಓಡಿಹೋಗಿ ಒಂದು ಚೆಂಬು ನೀರು ತಂದುಕೊಟ್ಟಿತು. ಸಾರ್ ಆ ಚೆಂಬನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೂರ್ತಿ ಕುಡಿದರು.

ಸಾರ್ ತೀರಿಕೊಂಡು ವರ್ಷಗಳಾದವು. ಆ ಬಾವಿಯನ್ನು ಮುಚ್ಚಿ ಯಾರೋ ಮನೆ ಕಟ್ಟಿಕೊಂಡಿದ್ದಾರೆ. ಅಜ್ಜಿಯ ಸುದ್ದಿ ತಿಳಿಯದು...

ಹೊರಗೆ ಕಸದ ಗಾಡಿ ಬಂದು ನಿಂತಿತು. ಹಸಿ ಕಸ ಒಂದು ಕಡೆ, ಒಣ ಕಸ ಒಂದು ಕಡೆ. ಇದನ್ನು ಎಲ್ಲಿ ಹಾಕಲಿ ಎಂದು ಕೇಳೋಣವೆಂದರೆ ಸಾರ್ ಇಲ್ಲ. ಇದ್ದಿದ್ದರೂ ಅವರಿಗೆ ಗೊತ್ತಿರುತ್ತಿರಲಿಲ್ಲ. ಪೊಟ್ಟಣವನ್ನು ಮತ್ತೆ ಅಟ್ಟಕ್ಕೇ ಹಾಕಿದೆ.