ಸ್ಟೂಲಿನ ಕಾಲು

ಗಾರೆ ಮೇಸ್ತ್ರಿಗೆ ಬೀದಿಯವರೆಲ್ಲ ಇಟ್ಟ ಹೆಸರು ‘ದಾರದ ಮಾವ’. ದಾರ ಬಿಗಿಯದೆ ಒಂದು ಇಟ್ಟಿಗೆಯನ್ನೂ ಇಟ್ಟವನಲ್ಲ. ಸೊಂಟ ಹಿಡಿದು ಮನೆಯಲ್ಲಿ ಕೂತ ಮೇಲೂ ಅಷ್ಟೆ, ಬಟ್ಟೆ ಒಣಹಾಕುವ ಹಗ್ಗ ಜೋಲುಬಿದ್ದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಈಗ ಕರಣೆ ಮಗಳ ಕೈಗೆ ಬಂದಿತ್ತು. ಟೀಚರಮ್ಮನ ಮನೆಯ ಕಾಂಪೌಂಡು ಅವಳು ಒಬ್ಬಳೇ ಹೊಣೆ ಹೊತ್ತ ಮೊದಲ ಗೋಡೆ. ಟೀಚರಮ್ಮ ಮೊದಲೇ ಹೇಳಿಬಿಟ್ಟಿದ್ದರು: “ನಾಳೆ ಸಂಜೆ ಬಂದು ನೋಡ್ತೀನಿ. ಗೋಡೆ ಹೊಟ್ಟೆ ಬಿಟ್ಟಿದ್ರೆ ಬೇರೆ ಮೇಸ್ತ್ರೀನ ಕರೆಸ್ತೀನಮ್ಮ, ಬೇಜಾರು ಮಾಡ್ಕೋಬೇಡ.”

ಅಪ್ಪನ ಹಳೆಯ ಲೈನ್ ಬ್ಲಾಕುಗಳು ಸವೆದುಹೋಗಿದ್ದವು. ಗೋಡೆಯ ಎರಡೂ ತುದಿಗೆ ಕಚ್ಚಿಕೊಂಡು ನಡುವೆ ದಾರವನ್ನು ಬಿಗಿಯಾಗಿ ಹಿಡಿಯುವ ಅಂಗೈಯಷ್ಟು ಮರದ ತುಂಡುಗಳು ಅವು. ಬ್ಲಾಕು ಜಾರಿದರೆ ಗೋಡೆ ಸೊಟ್ಟ. ಅವತ್ತೇ ಮಾವ ಹೊಸದಕ್ಕೆ ಮರ ಹುಡುಕಲು ಹೊರಟ.

ಹಾರ್ಡ್‌ವೇರ್ ಅಂಗಡಿಯಲ್ಲಿದ್ದ ಪ್ಲಾಸ್ಟಿಕ್ಕಿನದು ಬಿಸಿಲಿಗೆ ಬಳುಕುತ್ತದೆ. ಕಬ್ಬಿಣದ್ದು ಇಟ್ಟಿಗೆಯ ಮೂಲೆ ತಿನ್ನುತ್ತದೆ. ಮರದಂಗಡಿಯವನು ಪ್ರೀತಿಯಿಂದ ತೆಗೆದುಕೊಟ್ಟ ತೇಗದ ತುಂಡನ್ನು ಮಾವ ಹೆಬ್ಬೆರಳಲ್ಲಿ ಉಜ್ಜಿ ನೋಡಿ ಹಿಂದಕ್ಕಿಟ್ಟ. “ಒಳಗೆಲ್ಲ ಎಣ್ಣೆ. ಜಾರೋದೇ ಇದರ ಹುಟ್ಟುಗುಣ.” ಪೆಟ್ಟಿಗೆಯ ಹಲಗೆ ತೋರಿಸಿದರೆ, “ದಾರ ಎಳೆದ್ರೆ ಸೀಳಿಹೋಗುತ್ತೆ.”

“ಮಾವಾ, ನಿಮಗೆ ಬೇಕಾಗಿರೋದು ಮರಾನೋ, ಅಳಿಯನೋ?” ಅಂದ ಅಂಗಡಿಯವನು.

“ಅಳಿಯ ಜಾರಿದ್ರೆ ಹಿಡ್ಕೊಂಡು ಬರಬಹುದು ಕಣೋ.”

ಬರಿಗೈಲಿ ಮನೆಗೆ ಬಂದು ತನ್ನ ಸ್ಟೂಲಿನ ಮೇಲೆ ಕೂತ. ನಾಳೆ ಅದನ್ನೇ ಒಯ್ದು ಗೋಡೆಯ ಎದುರು ಹಾಕಿಕೊಳ್ಳುವ ಯೋಜನೆ ಅವನದು. ಬೇಡ ಎನ್ನಲು ಮಗಳಿಗೆ ಬಾಯಿ ಬರದೆ, ಹೆಂಡತಿಯೇ ಅಂದಳು: “ನೀವು ಎದುರಿಗೆ ಕೂತು ‘ಎತ್ತು, ಇಳಿಸು’ ಅಂತಿದ್ರೆ ಅವಳು ಗೋಡೆ ಕಟ್ಟೋದು ಹೇಗೆ? ದಾರ ನೋಡ್ಬೇಕಾ, ನಿಮ್ಮ ಮೂತಿ ನೋಡ್ಬೇಕಾ?”

“ನಾನು ಬಾಯೇ ಬಿಡಲ್ಲ.”

“ನಿಮ್ಮ ಬಾಯಿ ಬಿಗಿಯೋ ದಾರ ಯಾವ ಅಂಗಡೀಲಿದೆ?”

ಮಾವನ ಕೈ ಸ್ಟೂಲಿನ ಕಾಲನ್ನು ಸವರುತ್ತಿತ್ತು. ಹಳೇ ಜಾಲಿ ಮರ. ಪಾಲಿಶ್ ಕಾಣದ್ದು, ಕಲ್ಲಿನಂಥದ್ದು, ತೇವ ತಾಗಿದರೆ ಇನ್ನಷ್ಟು ಹಿಡಿಯುವಂಥದ್ದು. ಊರೆಲ್ಲ ಹುಡುಕಿದ್ದು ಕುಂಡೆಯ ಕೆಳಗೇ ಇತ್ತು! ಮಾವ ಎದ್ದ. ಸ್ಟೂಲನ್ನು ಬೋರಲು ಹಾಕಿ ಗರಗಸ ಕೇಳಿದ.

“ಅಪ್ಪಾ, ನಾಳೆ ನೀನು ಯಾವುದರ ಮೇಲೆ ಕೂತ್ಕೋತೀಯ?” ಮಗಳು ಗಾಬರಿಯಾದಳು.

“ಮನೇಲೇ, ಮಂಚದ ಮೇಲೆ. ನಿಂತು ನೋಡೋ ಸೊಂಟ ನನಗೆಲ್ಲಿದೆ?” ಎಂದ, ತಲೆ ಎತ್ತದೆ.

ಮಾರನೆಯ ದಿನ ಬಟ್ಟೆಯ ಹಗ್ಗಕ್ಕೆ ಗ್ರಹಚಾರ. ಮಾವ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುವುದು ನೋಡಲಾರದೆ ಕೊನೆಗೆ ಹೆಂಡತಿಯೇ ಕಿತ್ತುಕೊಂಡು ಒಳಗಿಟ್ಟಳು. ಸಂಜೆ ಮಗಳು ಬಾಗಿಲು ದಾಟುವ ಮೊದಲೇ ಕೇಳಿದ: “ಜಾರಿತಾ?”

“ಇಲ್ಲಪ್ಪ. ಉಡ ಹಿಡಿದ ಹಾಗೆ ಹಿಡಿದಿತ್ತು.”

“ಟೀಚರಮ್ಮ?”

“ತುದೀಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದ್ರು. ಹಿತ್ತಲ ಗೋಡೇನೂ ನೀನೇ ಕಟ್ಟು ಅಂದ್ರು.” ಆಮೇಲೆ ಕೈ ತೊಳೆಯುತ್ತಾ, “ಅಲ್ಲೇ ಒಡಕು ಇಟ್ಟಿಗೇಲಿ ನಿನಗೊಂದು ಕಟ್ಟೆ ಕಟ್ಟಿದೀನಿ. ನಾಳೆ ಬಾ, ಒರಗೋಕೆ ಹೊಸ ಗೋಡೇನೇ ಇದೆ.”

ಮಾವನ ಮುಖ ಅರಳಿತು. “ಅಲ್ಲಿಂದ ಹಿತ್ತಲ ಗೋಡೆ ಚೆನ್ನಾಗಿ ಕಾಣುತ್ತಾ?”

“ರಸ್ತೆ ಚೆನ್ನಾಗಿ ಕಾಣುತ್ತೆ,” ಅಂದಳು ಮಗಳು.